ಮಧುಮೇಹದ ಸಾವುಗಳು: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಗೋವಾದಲ್ಲಿ ಶೇ. 26.4ರಷ್ಟು ವಯಸ್ಕರಿಗೆ ಮಧುಮೇಹವಿದ್ದರೆ, ಉತ್ತರ ಪ್ರದೇಶದಲ್ಲಿ ಆ ಪ್ರಮಾಣ ಶೇ. 4.8 ಮಾತ್ರ. ಹಾಗೆಂದು ಕಾಯಿಲೆ ಹೆಚ್ಚಿರುವಲ್ಲೇ ಸಾವೂ ಹೆಚ್ಚು ಎಂದು ಭಾವಿಸಬಾರದು. ಕಾಯಿಲೆ ಎಷ್ಟು ಬೇಗ ಪತ್ತೆಯಾಯಿತು, ಮಾತ್ರೆ ತಪ್ಪದೆ ಸಿಗುತ್ತದೆಯೇ, ಆಸ್ಪತ್ರೆ ಎಷ್ಟು ದೂರ ಎಂಬುದರ ಮೇಲೆ ರೋಗಿಯ ಆಯಸ್ಸು ಬಹುಮಟ್ಟಿಗೆ ನಿಂತಿದೆ.

ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿ. ಮಳೆಗಾಲದಲ್ಲಿ ಬರಿಗಾಲಲ್ಲಿ ಅಡಿಕೆ ತೋಟಕ್ಕಿಳಿಯುವ ಕೂಲಿಯವರ ಪಾದ ಮಧುಮೇಹದಿಂದ ಸ್ಪರ್ಶಜ್ಞಾನ ಕಳೆದುಕೊಂಡಿದ್ದರೆ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಉಂಬಳ (ಜಿಗಣೆ) ಕಚ್ಚಿದ್ದಿರಬೇಕೆಂದು ಸುಣ್ಣ ಹಚ್ಚಿ ಸುಮ್ಮನಾಗುತ್ತಾರೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ, ಜೊತೆಗೆ ಹೋದವರ ಕೂಲಿ, ಬಸ್ಸಿನ ಖರ್ಚು ಎಲ್ಲವೂ ಸೇರುವುದರಿಂದ ಗಾಯ ಕೊಳೆತ ಮೇಲೆಯೇ ಶಿವಮೊಗ್ಗದ ದಾರಿ ಹಿಡಿಯುತ್ತಾರೆ. ಸಾವಿನ ಕಾರಣ ನಮೂದಿಸುವ ವೈದ್ಯಕೀಯ ಪತ್ರದಲ್ಲಿ ಹೃದಯಾಘಾತ ಅಥವಾ ಕಿಡ್ನಿ ವೈಫಲ್ಯ ಎಂದಷ್ಟೇ ದಾಖಲಾದರೆ ಮಧುಮೇಹ ಲೆಕ್ಕಕ್ಕೇ ಸಿಗುವುದಿಲ್ಲ. ಇಂಥ ಸಾವುಗಳನ್ನು ಬಾಯಿಚಪಲದ ಫಲವೆಂದು ಹೀಗಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ರಕ್ತಪರೀಕ್ಷೆ ಮಾಡುತ್ತಾರೆ. ತೋಟವಿರುವ ಸದಸ್ಯರು ತಮ್ಮ ಆಳುಗಳಿಗೆ ಪರೀಕ್ಷೆಯ ದಿನ ಕೂಲಿ ಹಿಡಿಯದೆ ರಜೆ ಕೊಡಬೇಕೆಂದು ಕೋರುತ್ತೇವೆ. ಇನ್ಸುಲಿನ್ ಬಳಸುವವರು ಕರೆಂಟ್ ಹೋದಾಗ ಅದನ್ನು ತಂಪಾಗಿ ಹೇಗೆ ಕಾಪಾಡಬೇಕೆಂದು ಮಳೆ ಹಿಡಿಯುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಿ. ಮಾತ್ರೆ ಬಿಟ್ಟು ಬೇರು, ಕಷಾಯ ನಂಬಿ ಎನ್ನುವ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಂಚಬೇಡಿ, ಹಂಚಿದರೆ ಅಳಿಸಲಾಗುವುದು.