ಫೋಟೋ ಯಾರದ್ದು, ಪುಟ್ಟಿ?

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ.

ಲಂಡನ್ನಿನಲ್ಲಿ ನೀನು ಟೀನೇಜ್ ಕ್ಯಾನ್ಸರ್ ಟ್ರಸ್ಟ್‌ಗಾಗಿ 21 ಕಿಲೋಮೀಟರ್ ಓಡುತ್ತೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅರ್ಧ ಹೆಮ್ಮೆ, ಅರ್ಧ ಗಾಬರಿ. "ಅಲ್ಲಿ ಆಸ್ಪತ್ರೆ ಖರ್ಚೆಲ್ಲಾ ಸರ್ಕಾರದ್ದೇ ಅಲ್ವಾ, ಮತ್ಯಾಕೆ ದುಡ್ಡು ಎತ್ತಬೇಕು?" ಅಂತಲೂ ಕೇಳಿದಳು. ಯುಗಾದಿ ಊಟಕ್ಕೆ ಸೇರುವ ನಮ್ಮ ಕನ್ನಡದವರೂ ಇದನ್ನೇ ಕೇಳುತ್ತಾರೆ, ನೋಡ್ತಿರು.

ಅವರಿಗೆ ನಿನ್ನ ಚಿಕ್ಕಪ್ಪನ ಕತೆ ಹೇಳು. ನೀನು ಅವನನ್ನು ನೋಡಿಲ್ಲ. 1983ರಲ್ಲಿ ಅವನಿಗೆ 16 ವರ್ಷ. ಕಾಲಿನ ಮೂಳೆಯ ಕ್ಯಾನ್ಸರ್. ಮಕ್ಕಳ ವಾರ್ಡಿಗೆ ದೊಡ್ಡವನಾದ ಅಂತ ಗಂಡಸರ ವಾರ್ಡಿಗೆ ಹಾಕಿದರು. ಆ ಕಡೆ ಒಬ್ಬ ಅಜ್ಜ, ಈ ಕಡೆ ಒಬ್ಬ ಅಜ್ಜ. ಡಾಕ್ಟರು ಮಾತಾಡುತ್ತಿದ್ದದ್ದು ನಮ್ಮಪ್ಪನ ಜೊತೆ, ಅವನ ಜೊತೆ ಅಲ್ಲ. ಜೂನ್ 25ರ ರಾತ್ರಿ ಕ್ರಿಕೆಟ್ ವಿಶ್ವಕಪ್ ಫೈನಲ್. ಒಂಬತ್ತಕ್ಕೇ ದೀಪ ಆರಿಸಿ ರೇಡಿಯೋ ಬಂದ್ ಮಾಡಿಸಿದರು. ನಾವು ಗೆದ್ದದ್ದು ಅವನಿಗೆ ಗೊತ್ತಾಗಿದ್ದು ಬೆಳಿಗ್ಗೆ, ಟೀ ತಂದ ಹುಡುಗನಿಂದ. ಔಷಧಿಗೇನೂ ಕೊರತೆ ಆಗಲಿಲ್ಲ ಪುಟ್ಟಿ. ಆದರೆ ಆ ವಯಸ್ಸಿಗೆ ಬೇಕಾದ ಬೇರೇನೂ ಅಲ್ಲಿರಲಿಲ್ಲ.

ನಿಮ್ಮ ಟ್ರಸ್ಟ್ 1990ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮೊದಲ ಘಟಕ ತೆರೆದದ್ದು ಇದಕ್ಕೇ. 13ರಿಂದ 24 ವರ್ಷದವರಿಗೆ ಅವರದ್ದೇ ಜಾಗ, ಅವರ ವಯಸ್ಸು ಅರ್ಥವಾಗುವ ನರ್ಸು, ಪಕ್ಕದ ಹಾಸಿಗೆಯಲ್ಲಿ ಅವರ ವಾರಿಗೆಯವರು. ಚಿಕಿತ್ಸೆ ಸರ್ಕಾರದ್ದು, ರೇಡಿಯೋ ನಮ್ಮದು ಅಂತ ಹೇಳಿಬಿಡು.

ಇನ್ನೊಂದು ವಿಷಯ ನೋಡು. ಇದಕ್ಕಾಗಿಯೇ ಕಾಗದ ಬರೆಯಲು ಕೂತೆ. ನಿನ್ನ ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದಾಗ ಯಾವುದೋ ಸಂಘದವರು ಹಣ್ಣು, ಕಂಬಳಿ ಹಿಡಿದು ಬಂದರು. ಫೋಟೋ ತೆಗೆದರು. ಕೂದಲು ಉದುರಿದ ಅವನ ತಲೆ ಮೂರನೇ ದಿನ ಪೇಪರಿನಲ್ಲಿ. ಕ್ಲಾಸಿನ ಹುಡುಗರೆಲ್ಲಾ ನೋಡಿದರು. ಆಮೇಲೆ ಯಾರೇ ಬರಲಿ, ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕಂಬಳಿ ಒಳ್ಳೆಯದೇ ಇತ್ತು, ಸುಳ್ಳು ಹೇಳಬಾರದು.

ನಿಮ್ಮ ದೇಶದ ಸ್ಟೀಫನ್ ಸಟನ್ ಗೊತ್ತಲ್ಲ? ಸ್ಟಾಫರ್ಡ್‌ಶೈರಿನ ಹುಡುಗ, 15ನೇ ವಯಸ್ಸಿಗೆ ಕರುಳಿನ ಕ್ಯಾನ್ಸರ್. ಮಾಡಬೇಕೆಂದಿರುವ 46 ಕೆಲಸಗಳ ಪಟ್ಟಿ ಬರೆದ. ಅದರಲ್ಲಿ ಒಂದು, ಇದೇ ಟ್ರಸ್ಟಿಗೆ 10,000 ಪೌಂಡ್ ಎತ್ತುವುದು. 2014ರ ಏಪ್ರಿಲಿನಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಹೆಬ್ಬೆರಳು ಎತ್ತಿ ನಗುವ ಫೋಟೋ ಹಾಕಿದ. ಮೇ ತಿಂಗಳಲ್ಲಿ ತೀರಿಕೊಂಡ, 19 ವರ್ಷ. ಹಣ 50 ಲಕ್ಷ ಪೌಂಡ್ ದಾಟಿತು. ಅದೂ ಕ್ಯಾನ್ಸರ್ ಹುಡುಗನ ಫೋಟೋನೇ. ಆದರೆ ಅವನೇ ಕೊಟ್ಟದ್ದು.

ಯಾರದ್ದಾದರೂ ಚಿತ್ರ, ಕತೆ ಹಾಕುವ ಮುಂಚೆ ಆ ಹುಡುಗನನ್ನೋ ಹುಡುಗಿಯನ್ನೋ ಕೇಳು. ಅವರಮ್ಮ ಒಪ್ಪಿದರೆ ಸಾಲದು. ಬೇಡ ಅಂದರೆ ನಿನ್ನ ಒದ್ದೆಯಾದ ಶೂ ಫೋಟೋ ಹಾಕು, ಸಾಕು. "ಪಾಪದ ಮಕ್ಕಳು" ಅಂತ ಬರೆಯಬೇಡ. ಆ ವಯಸ್ಸಿನವರಿಗೆ ಪಾಪ ಅನ್ನಿಸಿಕೊಳ್ಳುವುದು ಇಂಜೆಕ್ಷನ್‌ಗಿಂತ ಜಾಸ್ತಿ ನೋವು.

ಕೇಳುವುದಕ್ಕೆ ನಾಚಬೇಡ. ಇಂತಿಷ್ಟು ಅಂತ ಬಾಯಿಬಿಟ್ಟು ಕೇಳು. ಅಲ್ಲಿ ತೆರಿಗೆ ಕಟ್ಟುವವರಿಗೆ ಗಿಫ್ಟ್ ಏಡ್ ಟಿಕ್ ಮಾಡಲು ನೆನಪಿಸು. ಪೌಂಡಿಗೆ 25 ಪೆನ್ಸ್ ಸರ್ಕಾರವೇ ಸೇರಿಸುತ್ತದೆ, ಸುಮ್ನೆ ಬಿಟ್ಟುಕೊಡುವುದು ಯಾಕೆ? ಕೈಗೆ ನಗದು ಬಂದರೆ ಅವತ್ತೇ ಕಟ್ಟಿಬಿಡು. ಶೂ, ಬಸ್ ಖರ್ಚು ನಿನ್ನ ಜೇಬಿನದ್ದೇ ಆಗಲಿ. ಕೊಡದವರ ಹೆಸರು ಮನಸ್ಸಲ್ಲಿ ಇಟ್ಟುಕೊಳ್ಳಬೇಡ. ಅವರ ಮನೆ ಕಷ್ಟ ನಮಗೇನು ಗೊತ್ತು.

ನನ್ನದೂ 5,000 ರೂಪಾಯಿ ಸೇರಿಸು, ನಿಮ್ಮಮ್ಮನಿಗೆ ಕೊಟ್ಟಿದ್ದೇನೆ. ಕೊಟ್ಟವರ ಹೆಸರು ಅಂತ ಇರುವಲ್ಲಿ ನನ್ನದು ಬೇಡ. ಕಿರ್ಮಾನಿ ಅಂತ ಹಾಕು, ಆ ವಿಶ್ವಕಪ್ಪಿನಲ್ಲಿ ನಮ್ಮ ವಿಕೆಟ್ ಕೀಪರ್. ನಮ್ಮ ಓಣಿಯಲ್ಲಿ ನಿನ್ನ ಚಿಕ್ಕಪ್ಪನೇ ಕೀಪರ್, ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು.

ನಿನ್ನ,
ದೊಡ್ಡಪ್ಪ