ಕಾಸರಗೋಡಿನ ಬದಿಯಡ್ಕದ ಔಷಧಿ ಅಂಗಡಿಯ ತಂಗಿಗೆ

ಅಮ್ಮನಿಗೆ ಗಂಟುವಾತ. ವಾರಕ್ಕೊಮ್ಮೆ 7.5 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಮಾತ್ರೆ. ಮೊನ್ನೆ ಹೊಸ ಚೀಟಿಯಲ್ಲಿ ಅದು 'ದಿನಾ' ಅಂತಾಗಿತ್ತು. ಬಸ್ಸಿನ ಗಡಿಬಿಡಿ, ಮೇಲಿಂದ ಜೋರು ಮಳೆ. ನಾನು ನೋಡಲೇ ಇಲ್ಲ.

ಕೌಂಟರಿನಲ್ಲಿದ್ದ ಹುಡುಗಿ ಮಾತ್ರೆ ಕೊಡದೆ ನಿಂತಳು. "ಇದನ್ನು ದಿನಾ ತಿಂದರೆ ಬಾಯಿ ಹುಣ್ಣಾಗ್ತದೆ, ರಕ್ತಕಣ ಇಳೀತದೆ, ಜೀವಕ್ಕೇ ಅಪಾಯ" ಅಂದಳು. ಹಿಂದೆ ನಿಂತವರು ಗೊಣಗುತ್ತಿದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಮಲಯಾಳದಲ್ಲಿ ಎರಡೆರಡು ಸಲ ಕೇಳಿದಳು. ಕೈತಪ್ಪಿ ಬರೆದದ್ದಂತೆ. ಡಾಕ್ಟರ್ ಒಪ್ಪಿಕೊಂಡರಲ್ಲ, ಅದೂ ದೊಡ್ಡದೇ.

ಆಮೇಲೆ ಅಮ್ಮ ಓದಲಿ ಅಂತ ಕವರಿನ ಮೇಲೆ ಕನ್ನಡದಲ್ಲೇ 'ಸೋಮವಾರ ಮಾತ್ರ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು. ಅಕ್ಷರ ಸ್ವಲ್ಪ ಸೊಟ್ಟ.

ಬಸ್ಸು ತಪ್ಪಿತು. ಹೆಸರು ಕೇಳಲೂ ಮರೆತೆ. ಥ್ಯಾಂಕ್ಸ್ ತಂಗಿ. ಆ ಕವರು ಈಗ ನಮ್ಮ ಫ್ರಿಡ್ಜಿನ ಬಾಗಿಲಲ್ಲಿದೆ.