ಗೇಲಿ ಸೈನಿಕರದ್ದಲ್ಲ, ಸ್ವಾಗತ ಸಮಿತಿಯದ್ದು

ಮಾನ್ಯರೇ,

ಯುದ್ಧಕಾಲದ ಹಾಲಿವುಡ್ ಹಾಸ್ಯಚಿತ್ರಗಳ ಕುರಿತು ಪುರವಣಿಯಲ್ಲಿ ಬಂದ ಲೇಖನ, ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್‌ನ ‘ಹೇಲ್ ದ ಕಾಂಕರಿಂಗ್ ಹೀರೋ’ (1944) ಸೈನಿಕರನ್ನು ಲೇವಡಿ ಮಾಡುತ್ತದೆ ಎಂದಿದೆ. ಖಂಡಿತ ಇಲ್ಲ. ಅದರಲ್ಲಿರುವ ಆರು ಮಂದಿ ಮರೀನ್‌ಗಳು (ಅಮೆರಿಕದ ಮರೀನ್ ದಳದ ಯೋಧರು) ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಕಾದಾಡಿ ಬಂದವರು. ಅವರ ಶೌರ್ಯವನ್ನು ಚಿತ್ರ ಎಲ್ಲಿಯೂ ಶಂಕಿಸುವುದಿಲ್ಲ.

ನಟ ಎಡ್ಡೀ ಬ್ರ್ಯಾಕನ್ ಮಾಡಿರುವ ನಾಯಕ ವುಡ್ರೋ ಟ್ರೂಸ್ಮಿತ್‌ನ ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದ ಮರೀನ್. ಮಗನಿಗೆ ಹೇ ಫೀವರ್, ಅಂದರೆ ಬಿಡದ ಸೀನು. ಒಂದೇ ತಿಂಗಳಲ್ಲಿ ದಳ ಅವನನ್ನು ವಾಪಸ್ ಕಳಿಸಿದೆ. ನಾಚಿಕೆಗೆ ಊರಿಗೆ ಹೋಗದೆ ಹಡಗುಕಟ್ಟೆಯಲ್ಲಿ ದುಡಿಯುತ್ತಾ, ವಿದೇಶದ ರಣರಂಗದಲ್ಲಿದ್ದೇನೆಂದು ತಾಯಿಯನ್ನು ನಂಬಿಸಿದ್ದಾನೆ. ಅಲ್ಲಿಂದ ಮುಂದೆ ಸುಳ್ಳು ಬೆಳೆಯುವುದು ಒಳ್ಳೆಯವರ ಕೈಯಲ್ಲಿ. ತಾಯಿಯನ್ನೇ ಕಾಣದೆ ಬೆಳೆದ ಒಬ್ಬ ಮರೀನ್, ಕರುಳು ಚುರ್ ಎಂದು, ಮಗ ಮನೆಗೆ ಬರುತ್ತಿದ್ದಾನೆಂದು ವುಡ್ರೋನ ತಾಯಿಗೆ ಫೋನ್ ಮಾಡುತ್ತಾನೆ. ಉಳಿದವರು ವುಡ್ರೋಗೆ ಸಮವಸ್ತ್ರ ತೊಡಿಸಿ ಪದಕ ಚುಚ್ಚುತ್ತಾರೆ. ಸದ್ದಿಲ್ಲದೆ ಮನೆ ಸೇರಿಸುವ ಯೋಚನೆ ಅವರದು. ರೈಲು ನಿಂತರೆ ಊರಿಗೆ ಊರೇ ನಿಲ್ದಾಣದಲ್ಲಿ! ಊರವರು ತಾಯಿಯ ಮನೆಯ ಅಡಮಾನ ಪತ್ರ ಸುಡುತ್ತಾರೆ, ಪ್ರತಿಮೆಗೆ ಓಡಾಡುತ್ತಾರೆ, ಮೇಯರ್ ಚುನಾವಣೆಗೂ ನಿಲ್ಲಿಸುತ್ತಾರೆ. ‘ನಾನು ಹೀರೋ ಅಲ್ಲ’ ಎಂದು ಅವನು ಬೇಡಿಕೊಂಡಷ್ಟೂ ‘ಎಂಥ ವಿನಯ!’ ಎಂದು ಚಪ್ಪಾಳೆ ಏರುತ್ತದೆ. ಇಡೀ ಹಾಸ್ಯ ನಿಂತಿರುವುದು ಈ ಒಂದು ಕೀಲಿನ ಮೇಲೆ. ಕೊನೆಗೆ ಅವನು ವೇದಿಕೆಯಲ್ಲಿ ನಿಜ ಒಪ್ಪಿಕೊಳ್ಳುವಾಗ ನಗುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಇಂಥ ಚಿತ್ರಕ್ಕೆ ಕತ್ತರಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಸಾಕ್ಷಿ. ಸ್ಟರ್ಜಸ್ ಪ್ಯಾರಾಮೌಂಟ್ ಬಿಟ್ಟ ಮೇಲೆ ಸ್ಟುಡಿಯೊ ತಾನೇ ಮರುಸಂಕಲನ ಮಾಡಿಸಿತು; ಮುನ್‌ಪ್ರದರ್ಶನ ನೆಲಕಚ್ಚಿತು. ಸ್ಟರ್ಜಸ್ ಸಂಬಳವಿಲ್ಲದೆ ಮರಳಿ ಬಂದು, ಕೆಲವು ದೃಶ್ಯ ಹೊಸದಾಗಿ ಬರೆದು ಚಿತ್ರೀಕರಿಸಿ ಸರಿಪಡಿಸಿದ. ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಫಿಲ್ಮ್ ಸೊಸೈಟಿಗಳು ಇದನ್ನು ತೋರಿಸುವುದಾದರೆ 101 ನಿಮಿಷದ ಪೂರ್ಣ ಪ್ರತಿಯನ್ನೇ ತರಿಸಲಿ. ಕನ್ನಡ ಅಡಿಬರಹ ಹಾಕುವವರು ನಿಲ್ದಾಣದ ದೃಶ್ಯದಲ್ಲಿ ಎಚ್ಚರ ವಹಿಸಬೇಕು: ಬ್ಯಾಂಡುಗಳು, ಮೇಯರ್ ಭಾಷಣ, ಸ್ವಾಗತ ಸಮಿತಿಯವನ ಕೂಗಾಟ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಪ್ರತಿ ಮಾತನ್ನೂ ಬರೆಯಹೊರಟರೆ ಪ್ರೇಕ್ಷಕರ ಕಣ್ಣು ಕೆಳಗಿನ ಸಾಲಿನಲ್ಲೇ ಸಿಕ್ಕಿಕೊಂಡು ವುಡ್ರೋನ ಗಾಬರಿಯ ಮುಖ ತಪ್ಪಿಹೋಗುತ್ತದೆ. ಅಲ್ಲಿ ಒಂದೊಂದೇ ಚಿಕ್ಕ ಸಾಲು ಸಾಕು.

— ಚಿತ್ರಾಸಕ್ತ ಓದುಗರು